ಹನ್ನೊಂದು ಮಕ್ಕಳಿಗೆ ಒಂದು ಕ್ಲಾಸ್: ಕ್ಯಾಲಿಫೋರ್ನಿಯಾದ ಕನ್ನಡ ಅಪ್ಪ-ಅಮ್ಮಂದಿರಿಗೆ ಬಹಿರಂಗ ಪತ್ರ

ಪ್ರೀತಿಯ ಕನ್ನಡ ಬಂಧುಗಳೇ,

ಈ ಸಲದ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಇಬ್ಬರು ತಾಯಂದಿರು ಎಪಿ, ಅಂದರೆ ಹೈಸ್ಕೂಲಿನಲ್ಲೇ ಕಲಿಯುವ ಕಾಲೇಜು ಮಟ್ಟದ ಕ್ಲಾಸುಗಳ ಬಗ್ಗೆ ಮಾತಾಡ್ತಾ ಇದ್ದರು. "ನಿಮ್ಮ ಮಗಳದು ಒಟ್ಟು ಎಷ್ಟು ಎಪಿ ಆಗುತ್ತೆ?" "ಈ ವರ್ಷ ನಾಲ್ಕು. ಹನ್ನೆರಡನೇ ಕ್ಲಾಸ್ ಮುಗಿಯೋ ಹೊತ್ತಿಗೆ ಹನ್ನೊಂದು." ಬಿಸಿಬೇಳೆಬಾತ್ ಪಾತ್ರೆ ಹತ್ತಿರ ಬರುವಷ್ಟರಲ್ಲಿ ಮಾತು ನನ್ನ ಕಡೆ ತಿರುಗಿತು. ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು ಅಂತ ಅವರಿಗೆ ಗೊತ್ತು. "ನಿಮ್ಮ ಸ್ಕೂಲಲ್ಲಿ ಕ್ಯಾಲ್ಕುಲಸ್ ಎಬಿ, ಬಿಸಿ ಎರಡೂ ಇದೆಯಾ?" ಅಂದರು. ಎಪಿಯಲ್ಲಿ ಕ್ಯಾಲ್ಕುಲಸಿಗೆ ಇರುವ ಎರಡು ಕ್ಲಾಸುಗಳು ಅವು. ಈ ವರ್ಷ ಎರಡೂ ಇಲ್ಲ ಅಂದೆ. "ಅಯ್ಯೋ, ಮಕ್ಕಳಿಗೆ ಇಂಟರೆಸ್ಟ್ ಇಲ್ವಾ?" ಅಂದರು.

ಕೆಟ್ಟ ಮನಸ್ಸಿನಿಂದ ಕೇಳಿದ ಪ್ರಶ್ನೆಯಲ್ಲ ಅದು. ಆದರೆ ತಟ್ಟೆ ಹಿಡಿದುಕೊಂಡು ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ.

ನಾನಿರುವುದು ಮೌಂಟನ್ ಹೌಸಿನಲ್ಲಿ. ಬೆಳಿಗ್ಗೆ ಆರೂಕಾಲಿಗೆ ಗ್ಯಾರೇಜ್ ಬಾಗಿಲು ತೆಗೆದರೆ ನಮ್ಮ ಬೀದಿಯ ಕಾರುಗಳೆಲ್ಲ ಪಶ್ಚಿಮಕ್ಕೆ ಹೊರಡುತ್ತವೆ. 580 ಹೆದ್ದಾರಿ ಹಿಡಿದು, ಆಲ್ಟಮಾಂಟ್ ಗುಡ್ಡ ಹತ್ತಿ, ಆ ಕಡೆ ಇಳಿದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಗೆ. ನಾನೊಬ್ಬಳು ಪೂರ್ವಕ್ಕೆ ಹೋಗುತ್ತೇನೆ. ಟ್ರಾಫಿಕ್ ಇರಲ್ಲ, ಅದೊಂದು ಸುಖ. ನಮ್ಮ ಶಾಲೆ ಸ್ಟಾಕ್‌ಟನ್ ಆಚೆಗಿನ ಒಂದು ಊರಿನಲ್ಲಿದೆ. ಹೆಸರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ, ಅಂಥ ಶಾಲೆಗಳು ಈ ಸೆಂಟ್ರಲ್ ವ್ಯಾಲಿ ಕಣಿವೆಯ ತುಂಬ ಇವೆ. ಮಕ್ಕಳ ಅಪ್ಪ-ಅಮ್ಮ ತೋಟದಲ್ಲಿ, ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ, ಗೋದಾಮಿನಲ್ಲಿ ದುಡಿಯುತ್ತಾರೆ. ಮೆಕ್ಸಿಕೊ ಕಡೆಯವರು ಜಾಸ್ತಿ. ಫಿಲಿಪೀನ್ಸಿನವರು, ಕಾಂಬೋಡಿಯಾದವರು, ಪಂಜಾಬಿಗಳೂ ಇದ್ದಾರೆ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಎಪಿ ಅಂದರೇನು ಅಂತ ಎರಡು ಮಾತು. ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠ ಕಲಿತು, ಮೇ ತಿಂಗಳಲ್ಲಿ ಪರೀಕ್ಷೆ ಬರೆಯುವ ಏರ್ಪಾಡು. 1ರಿಂದ 5ರವರೆಗೆ ಅಂಕ, 3 ಬಂದರೆ ಪಾಸು ಅಂತ ಲೆಕ್ಕ. 1950ರ ದಶಕದಲ್ಲಿ ಶುರುವಾಗಿದ್ದು. ಆಗ ಒಳ್ಳೊಳ್ಳೆ ಖಾಸಗಿ ಶಾಲೆಗಳ ಚುರುಕು ಹುಡುಗರಿಗೆ ಅಂತ ಮಾಡಿದ್ದು. ಈಗ ಒಳ್ಳೆ ಕಾಲೇಜಿಗೆ ಅರ್ಜಿ ಹಾಕುವ ಮಗುವಿಗೆ ಅದು ಇರಲೇಬೇಕು ಅನ್ನುವ ಹಾಗಾಗಿದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಸರಾಸರಿ ಗ್ರೇಡ್ ಲೆಕ್ಕ ಹಾಕುವಾಗ ಸಾಮಾನ್ಯ ಕ್ಲಾಸಿನ ಎ ಗ್ರೇಡಿಗೆ 4 ಕೊಟ್ಟರೆ ಎಪಿ ಕ್ಲಾಸಿನ ಎ ಗ್ರೇಡಿಗೆ 5 ಕೊಡುತ್ತಾರೆ. ಎಂಟು ಸೆಮಿಸ್ಟರಿನ ತನಕ ಈ ಹೆಚ್ಚುವರಿ ಸಿಗುತ್ತದೆ. ಶಾಲೆಯಲ್ಲಿ ಅಂಥ ಕ್ಲಾಸೇ ಇಲ್ಲದ ಮಗು ಎಷ್ಟೇ ಓದಿದರೂ 4ರಲ್ಲಿ ನಿಲ್ಲುತ್ತದೆ. ಹಾಗೆ ನೋಡಿದರೆ ಅವರು ಮಗು ಯಾವ ಶಾಲೆಯಿಂದ ಬಂತು, ಅಲ್ಲಿ ಏನಿತ್ತು ಅಂತಲೂ ನೋಡುತ್ತಾರೆ. ಸೀಟೂ ಸಿಗಬಹುದು. ಆದರೆ ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನ ಲೆಕ್ಕದ ಪೇಪರು ನೀನು ಯಾವ ಶಾಲೆಯವಳಮ್ಮ ಅಂತ ಕೇಳಲ್ಲ.

ಈಗ ನಮ್ಮ ಶಾಲೆಯ ಕಥೆಗೆ ಬರೋಣ. ಎರಡು ವರ್ಷದ ಹಿಂದೆ ವಸಂತದಲ್ಲಿ ಕ್ಯಾಲ್ಕುಲಸ್ ಬೇಕು ಅಂತ ಹನ್ನೊಂದು ಮಕ್ಕಳು ಹೆಸರು ಬರೆಸಿದ್ದರು. ಬೇಸಿಗೆ ರಜೆಯಲ್ಲಿ ವೇಳಾಪಟ್ಟಿ ಮಾಡುವಾಗ ಆ ಕ್ಲಾಸನ್ನು ತೆಗೆದುಹಾಕಿದರು. ಕಾರಣ ಸರಳ. ಇಲ್ಲಿ ಒಬ್ಬ ಟೀಚರ್ ದಿನಕ್ಕೆ ಐದು ಪೀರಿಯಡ್ ಪಾಠ ಮಾಡುತ್ತಾರೆ. ಅಂದರೆ ಒಂದು ಕ್ಲಾಸ್ ನಡೆಸುವುದಕ್ಕೆ ಒಬ್ಬ ಟೀಚರ್ ಸಂಬಳದ ಐದನೇ ಒಂದು ಪಾಲು ಬೇಕು. ಆ ಒಂದು ಪಾಲಿನಲ್ಲಿ ಹನ್ನೊಂದು ಮಕ್ಕಳಿಗೆ ಕ್ಯಾಲ್ಕುಲಸ್ ಕಲಿಸಬಹುದು, ಇಲ್ಲ ಮೂವತ್ತೆರಡು ಮಕ್ಕಳಿಗೆ ಒಂಬತ್ತನೇ ಕ್ಲಾಸಿನ ಆಲ್ಜೀಬ್ರಾ ಕಲಿಸಬಹುದು. ನಮ್ಮ ಪ್ರಿನ್ಸಿಪಾಲರು ಕೆಟ್ಟವರೇನಲ್ಲ. ಅವರ ಕುರ್ಚಿಯಲ್ಲಿ ನಾನು ಕೂತಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ.

ಇದರಲ್ಲಿ ನಗು ಬರುವ ಸಂಗತಿ ಒಂದಿದೆ. ಎಪಿ ಪರೀಕ್ಷೆಯ ಫೀಸು ಕಟ್ಟೋಕೆ ನಮ್ಮಲ್ಲಿ ದುಡ್ಡಿತ್ತು! ಒಂದು ಪೇಪರಿಗೆ 100 ಡಾಲರಿನ ಆಸುಪಾಸು ಫೀಸು. ಬಡ ಮಕ್ಕಳಿಗೆ ರಿಯಾಯಿತಿ ಇದೆ, ಉಳಿದಿದ್ದನ್ನು ಒಂದು ಗ್ರ್ಯಾಂಟಿನಿಂದ ತುಂಬುವುದು ಅಂತ ಶಾಲಾ ಜಿಲ್ಲೆಯವರು, ಅಂದರೆ ಇಲ್ಲಿ ಶಾಲೆಗಳನ್ನು ನಡೆಸುವ ಆಡಳಿತದವರು, ತೀರ್ಮಾನ ಮಾಡಿದ್ದರು. ಪರೀಕ್ಷೆಗೆ ನವೆಂಬರ್ ಮಧ್ಯದ ಒಳಗೇ ಹೆಸರು ಕೊಡಬೇಕು, ತಡವಾದರೆ ಮೇಲೆ 40 ಡಾಲರ್, ಕೊಟ್ಟ ಮೇಲೆ ಬೇಡ ಅಂದರೂ 40 ಡಾಲರ್. ಆ ರಗಳೆಗಳಿಗೆಲ್ಲ ಗ್ರ್ಯಾಂಟಿನ ಅರ್ಜಿಯಲ್ಲಿ ಜಾಗ ಇತ್ತು. ಪಾಠ ಮಾಡುವ ಟೀಚರಿಗೆ ಮಾತ್ರ ಇರಲಿಲ್ಲ.

ಆಮೇಲೆ ನಾನು ಮಾಡಿದ್ದು ಇಷ್ಟು. ಶಾಲೆ ಶುರುವಾಗುವ ಮುಂಚೆ ಏಳು ಗಂಟೆಗೆ, ಇಲ್ಲಿನವರು ಜೀರೋ ಪೀರಿಯಡ್ ಅನ್ನುತ್ತಾರಲ್ಲ ಆ ಹೊತ್ತಿನಲ್ಲಿ, ಬರುವವರು ಬನ್ನಿ ಅಂದೆ. ಹನ್ನೊಂದರಲ್ಲಿ ಆರು ಜನ ಬಂದರು. ಉಳಿದವರಿಗೆ ಆ ಹೊತ್ತಿಗೆ ಬಸ್ಸಿಲ್ಲ, ಇಲ್ಲ ತಮ್ಮ ತಂಗಿಯರನ್ನು ಶಾಲೆಗೆ ಬಿಡಬೇಕು. ಬಾಗಿಲ ಹಿಂದೆ ಚಪ್ಪಲಿ ಇಡುವ ಬಟ್ಟೆ ಜೇಬುಗಳ ಒಂದು ಹಾಳೆ ನೇತುಹಾಕಿದ್ದೇನೆ. ಅದರ ಒಂದೊಂದು ಜೇಬಿನಲ್ಲಿ ಒಂದೊಂದು ಗ್ರಾಫಿಂಗ್ ಕ್ಯಾಲ್ಕುಲೇಟರ್, ನಂಬರ್ ಬರೆದು ಇಟ್ಟಿದ್ದೇನೆ. ಒಂದಕ್ಕೆ ನೂರು ಡಾಲರಿನ ಮೇಲೆ. ಮಕ್ಕಳು ಬಂದು ತಮ್ಮ ನಂಬರಿನದು ತೆಗೆದುಕೊಂಡು ಕೂರುತ್ತಾರೆ, ಹೋಗುವಾಗ ವಾಪಸ್ ಇಡುತ್ತಾರೆ. 14ನೇ ನಂಬರಿನದಕ್ಕೆ ಏಳರ ಗುಂಡಿ ಸರಿಯಾಗಿ ಒತ್ತಲ್ಲ. ಅದನ್ನು ತೆಗೆದುಕೊಳ್ಳುತ್ತಿದ್ದ ಹುಡುಗಿ ಏಳು ಬೇಕಾದಾಗಲೆಲ್ಲ ಎಂಟು ಒತ್ತಿ ಒಂದು ಕಳೆಯುತ್ತಿದ್ದಳು. ಬೇರೆ ತಗೊಳ್ಳೆ ಅಂದರೆ ಕೇಳಲಿಲ್ಲ. ನನಗೆ ಇದೇ ರೂಢಿ ಆಗಿದೆ ಮಿಸ್ ಅಂದಳು.

ಆ ಹುಡುಗಿ ಬಗ್ಗೆ ಇನ್ನೊಂದು ಮಾತು. ಎಪಿ ಪರೀಕ್ಷೆ ಮೇ ತಿಂಗಳ ಮೊದಲೆರಡು ವಾರ. ನಮ್ಮ ಕಡೆ, ಲೋಡೈ, ಲಿಂಡನ್ ಸುತ್ತಮುತ್ತ, ಚೆರ್ರಿ ಹಣ್ಣು ಕೊಯ್ಯುವುದೂ ಅದೇ ಹೊತ್ತು. ಚೆರ್ರಿ ಕಾಯಲ್ಲ. ಮಳೆ ಬಿದ್ದರೆ ಸಿಪ್ಪೆ ಒಡೆದು ಹೋಗುತ್ತದೆ, ಅದಕ್ಕೇ ಹಣ್ಣು ಬಂತು ಅಂದರೆ ಪ್ಯಾಕಿಂಗ್ ಶೆಡ್ಡಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೆಲಸ. ಇವಳ ಅಮ್ಮ ಅಲ್ಲಿ ವಿಂಗಡಿಸುವ ಬೆಲ್ಟಿನ ಮುಂದೆ ನಿಲ್ಲುತ್ತಾರೆ. ಅಮ್ಮ ಮನೆಗೆ ಬರುವ ತನಕ ಅಡುಗೆ, ಇಬ್ಬರು ತಮ್ಮಂದಿರು, ಬಟ್ಟೆ ಎಲ್ಲ ಇವಳದೇ. ಪರೀಕ್ಷೆಯ ಹಿಂದಿನ ದಿನ ಎಷ್ಟು ಹೊತ್ತು ಓದಿದೆ ಅಂತ ಕೇಳಿದೆ. ಕೈ ತೋರಿಸಿದಳು. ಬಲಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದ ಸೂತ್ರಗಳು, ಪಾತ್ರೆ ತೊಳೆದು ಅರ್ಧ ಅಳಿಸಿಹೋಗಿದ್ದವು.

ಇವಳಿಗೆ 2 ಬಂತು. ಪಾಸಾಗಲಿಲ್ಲ. ಆರರಲ್ಲಿ ಇಬ್ಬರಿಗೆ 3 ಬಂತು, ಅಷ್ಟೆ. ಈ ಅಂಕಗಳನ್ನು ನಿಮ್ಮ ಮುಂದೆ ಇಡೋಕೆ ನನಗೆ ಸಂಕೋಚ ಇಲ್ಲ. ಇವನ್ನೇ ತೋರಿಸಿ, ಬಡ ಶಾಲೆಗಳಲ್ಲಿ ಎಪಿಗೆ ದುಡ್ಡು ಹಾಕಿದರೆ ದಂಡ, ಮಕ್ಕಳು ಹೇಗೂ ಫೇಲಾಗುತ್ತಾರೆ ಅನ್ನುವವರು ಇದ್ದಾರೆ. ನಮ್ಮವರಲ್ಲೂ ಇದ್ದಾರೆ, ಮೆಲ್ಲಗೆ ಹೇಳುತ್ತಾರೆ. ಬೆಳಗಿನ ಏಳು ಗಂಟೆಗೆ, ವಾರಕ್ಕೆ ನಾಲ್ಕು ದಿನ, ಟೀಚರಿಗೆ ಸಂಬಳವಿಲ್ಲದೆ ನಡೆದ ಕ್ಲಾಸ್ ಅದು. ಅದನ್ನು ಬೇ ಏರಿಯಾದ ಅನುಕೂಲಸ್ಥರ ಊರು ಫ್ರೀಮಾಂಟಿನ ಒಂದು ಕ್ಲಾಸಿನ ಪಕ್ಕ ಇಟ್ಟು ತೂಗುವುದು ಯಾವ ನ್ಯಾಯ, ಹೇಳಿ.

ಹಾಗಂತ ನನ್ನ ಜೀರೋ ಪೀರಿಯಡ್ಡಿನ ಬಗ್ಗೆ ಯಾರೂ ಭೇಷ್ ಅನ್ನಬೇಕಾಗಿಲ್ಲ. ಒಬ್ಬ ಟೀಚರ್ ಮೈ ಮುರಿದು ದುಡಿದರೆ ಆಗಿಬಿಡುತ್ತೆ ಅನ್ನುವ ಕಥೆ ಈ ದೇಶಕ್ಕೆ ತುಂಬ ಇಷ್ಟ. ಪೂರ್ವ ಲಾಸ್ ಏಂಜಲಿಸ್‌ನ ಗಾರ್ಫೀಲ್ಡ್ ಹೈಸ್ಕೂಲಿನ ಹೈಮೆ ಎಸ್ಕಲಾಂಟೆ ಅವರ ಹೆಸರು ನೀವು ಕೇಳಿರಬಹುದು. ಬೊಲಿವಿಯಾದಿಂದ ಬಂದ ಲೆಕ್ಕದ ಮೇಷ್ಟ್ರು. 1982ರಲ್ಲಿ ಅವರ 18 ಮಕ್ಕಳು ಎಪಿ ಕ್ಯಾಲ್ಕುಲಸ್ ಬರೆದರು. 14 ಮಕ್ಕಳು ಕಾಪಿ ಹೊಡೆದಿದ್ದಾರೆ ಅಂತ ಪರೀಕ್ಷೆ ನಡೆಸುವವರಿಗೆ ಅನುಮಾನ ಬಂತು. ಅವರಲ್ಲಿ 12 ಮಂದಿ ಮತ್ತೆ ಕೂತು ಬರೆದರು, ಎಲ್ಲರೂ ಪಾಸು. ಎಲ್ಲರಿಗೂ ಗೊತ್ತಿರುವುದು ಇಷ್ಟು. ಅವರು ಆ ಶಾಲೆಗೆ ಬಂದಿದ್ದು 1974ರಲ್ಲಿ. ಮೊದಲ ಕ್ಯಾಲ್ಕುಲಸ್ ಕ್ಲಾಸಿನಲ್ಲಿ ಕೊನೆಗೆ ಉಳಿದದ್ದು ಐದೇ ಮಕ್ಕಳು. ಐದು! ಆ ಐದು ಮಕ್ಕಳ ಕ್ಲಾಸನ್ನು ಯಾರೂ ಮುಚ್ಚಲಿಲ್ಲ. ಕೆಳಗಿನ ಕ್ಲಾಸುಗಳ ಆಲ್ಜೀಬ್ರಾ ಗಟ್ಟಿ ಮಾಡಿದರು, ಬೇಸಿಗೆಯಲ್ಲಿ ಹತ್ತಿರದ ಕಾಲೇಜಿನಲ್ಲಿ ಪಾಠ ಇಟ್ಟರು, ಬೆನ್ನಿಗೆ ನಿಲ್ಲುವ ಪ್ರಿನ್ಸಿಪಾಲ್ ಸಿಕ್ಕರು. 1987ರ ಹೊತ್ತಿಗೆ ಕ್ಯಾಲ್ಕುಲಸ್ ಎಬಿ ಪಾಸಾದವರೇ 73 ಮಂದಿ. 1991ರಲ್ಲಿ ಅವರು ಶಾಲೆ ಬಿಟ್ಟರು, ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ ಕುಸಿಯಿತು.

ಕ್ಯಾಲ್ಕುಲಸ್ ಶುರುವಾಗುವುದು ಹನ್ನೆರಡನೇ ಕ್ಲಾಸಿನಲ್ಲಲ್ಲ ಅಂತ ನಿಮಗೆ ಗೊತ್ತೇ ಇದೆ. ನಿಮ್ಮ ಮಕ್ಕಳ ವಿಷಯದಲ್ಲಿ ಅದನ್ನು ಬೆರಳು ಮಡಿಚಿ ಲೆಕ್ಕ ಹಾಕಿದವರು ನೀವು. ಎಂಟನೇ ಕ್ಲಾಸಿನಲ್ಲಿ ಆಲ್ಜೀಬ್ರಾ, ಒಂಬತ್ತರಲ್ಲಿ ಜಿಯೋಮೆಟ್ರಿ, ಹತ್ತರಲ್ಲಿ ಎರಡನೇ ಆಲ್ಜೀಬ್ರಾ, ಹನ್ನೊಂದರಲ್ಲಿ ಪ್ರಿ-ಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ಮೊದಲ ಮೆಟ್ಟಿಲು ಒಂದು ವರ್ಷ ತಡವಾದರೆ ಕೊನೆಯ ಮೆಟ್ಟಿಲು ಸಿಗಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2014ರಿಂದ ಎಂಟನೇ ಕ್ಲಾಸಿನ ಆಲ್ಜೀಬ್ರಾ ತೆಗೆದರು, ಎಲ್ಲರನ್ನೂ ಸಮ ಮಾಡುತ್ತೇವೆ ಅಂತ. ದುಡ್ಡಿದ್ದವರು ಹೊರಗಡೆ ಪಾಠ ಕೊಂಡರು. 2024ರ ಮಾರ್ಚಿನಲ್ಲಿ ಊರಿನ ಜನ ವೋಟು ಹಾಕಿ ಅದು ವಾಪಸ್ ಬೇಕು ಅಂದರು. ನಮ್ಮ ಮಕ್ಕಳಿಗೆ ಕುಮಾನ್, ರಷ್ಯನ್ ಮ್ಯಾಥ್ ಥರದ ಟ್ಯೂಷನ್, ಬೇಸಿಗೆಯ ಆನ್‌ಲೈನ್ ಜಿಯೋಮೆಟ್ರಿ, ಎಲ್ಲ ಉಂಟು. ನಾನೂ ನನ್ನ ಮಗನಿಗೆ ಮಾಡಿದ್ದೇನೆ, ಅಲ್ಲ ಅನ್ನಲ್ಲ. ಪ್ಯಾಕಿಂಗ್ ಶೆಡ್ಡಿನ ಅಮ್ಮನಿಗೆ ಆ ಮೆಟ್ಟಿಲುಗಳ ಲೆಕ್ಕವನ್ನು ಯಾರೂ ಹೇಳಿರುವುದಿಲ್ಲ. ಆ ಲೆಕ್ಕ ಶಾಲೆಯೇ ಹಾಕಬೇಕು.

ಹಾಗಾದರೆ ಗ್ರ್ಯಾಂಟುಗಳು ಇಲ್ಲವಾ ಅಂದರೆ, ಬಂದಿವೆ, ಹೋಗಿವೆ. 1999ರಲ್ಲಿ ಇಂಗಲ್‌ವುಡ್ ಹೈಸ್ಕೂಲಿನ ಮಕ್ಕಳು, ನಮ್ಮ ಶಾಲೆಯಲ್ಲಿ ಇರುವುದೇ ಮೂರು ಎಪಿ, ಲೆಕ್ಕ-ವಿಜ್ಞಾನದಲ್ಲಿ ಒಂದೂ ಇಲ್ಲ ಅಂತ ಕ್ಯಾಲಿಫೋರ್ನಿಯಾ ಸರ್ಕಾರದ ಮೇಲೆ ಕೋರ್ಟಿಗೆ ಹೋದರು. ಅದರ ಬಿಸಿಗೆ ರಾಜ್ಯ ಎಪಿಗೆ ಅಂತ ಗ್ರ್ಯಾಂಟ್ ಕೊಡಲು ಶುರು ಮಾಡಿತು. ಉಳಿಯಲಿಲ್ಲ. ಕೇಂದ್ರದವರು ಬಡ ಮಕ್ಕಳ ಎಪಿ ಫೀಸಿಗೆ ಅಂತಲೇ ಒಂದು ಯೋಜನೆ ಇಟ್ಟಿದ್ದರು. 2015ರ ಶಿಕ್ಷಣ ಕಾಯ್ದೆಯಲ್ಲಿ ಅದನ್ನು ಹತ್ತಾರು ಬಾಬ್ತುಗಳ ಒಂದು ದೊಡ್ಡ ಗಂಟಿನೊಳಗೆ ಸೇರಿಸಿಬಿಟ್ಟರು. 2021ರಲ್ಲಿ ಕ್ಯಾಲಿಫೋರ್ನಿಯಾ 54.75 ಕೋಟಿ ಡಾಲರ್ ತೆಗೆದಿಟ್ಟಿತು, ಹೆಚ್ಚು ಮಕ್ಕಳು ವಿಶ್ವವಿದ್ಯಾಲಯಕ್ಕೆ ಬೇಕಾದ ಎ-ಜಿ ವಿಷಯಗಳನ್ನು ಮುಗಿಸಲಿ ಅಂತ. ಟೀಚರ್ ತರಬೇತಿ, ಟ್ಯೂಷನ್, ಎಪಿ ಫೀಸು ಎಲ್ಲಕ್ಕೂ ಬಳಸಬಹುದಾದ ಹಣ. ಒಳ್ಳೆಯ ಹಣವೇ. ಆದರೆ ಒಂದು ಸಲದ ಹಣ.

ಒಂದು ಸಲದ ಹಣ ಬಂದರೆ ಶಾಲೆ ಏನು ಮಾಡುತ್ತದೆ ಗೊತ್ತಾ? ಮುಗಿದರೂ ತಲೆನೋವಾಗದ ಸಾಮಾನು ಕೊಳ್ಳುತ್ತದೆ. ಫೀಸು ಕಟ್ಟುತ್ತದೆ, ಲ್ಯಾಪ್‌ಟಾಪ್ ತರುತ್ತದೆ, ಟೀಚರನ್ನು ಒಂದು ವಾರದ ತರಬೇತಿಗೆ ಕಳಿಸುತ್ತದೆ. ಟೀಚರನ್ನು ನೇಮಿಸಿಕೊಳ್ಳಲ್ಲ, ಚಿಕ್ಕ ಕ್ಲಾಸ್ ಶುರು ಮಾಡಲ್ಲ, ಯಾಕೆಂದರೆ ಮೂರನೇ ವರ್ಷ ಸಂಬಳ ಎಲ್ಲಿಂದ ತರುವುದು? ಆರನೇ ಕ್ಲಾಸಿನಲ್ಲಿರುವ ಮಗುವನ್ನು ಕ್ಯಾಲ್ಕುಲಸಿನವರೆಗೆ ತರಲು ಆರು ವರ್ಷ ಬೇಕು. ಗ್ರ್ಯಾಂಟಿನ ಆಯಸ್ಸು ಎರಡೋ ಮೂರೋ. ನಮ್ಮೂರ ಕಡೆ ಹೇಳುವ ಹಾಗೆ, ತೆಂಗಿನ ಸಸಿ ನೆಟ್ಟು ಸೋರೆಕಾಯಿಯ ಲೆಕ್ಕದಲ್ಲಿ ನೀರು ಹಾಕಿದ ಹಾಗೆ ಇದು.

ಸರಿಯಾಗಿ ಮಾಡಿದ್ದೂ ಇದೆ. ಟೆಕ್ಸಾಸಿನ ಡಲ್ಲಾಸಿನಲ್ಲಿ 1996ರಲ್ಲಿ ಹತ್ತು ಶಾಲೆಗಳಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು, ಖಾಸಗಿ ದಾನಿಗಳ ದುಡ್ಡಿನಲ್ಲಿ. ಎಪಿ ಪಾಸಾದ ಮಗುವಿಗೂ ಅದರ ಟೀಚರಿಗೂ ನಗದು ಬಹುಮಾನ ಅನ್ನುವುದೇ ಪೇಪರಿನಲ್ಲಿ ದೊಡ್ಡದಾಗಿ ಬಂತು. ನನಗೆ ಮುಖ್ಯ ಅನ್ನಿಸುವುದು ಬೇರೆ. ಮಿಡ್ಲ್ ಸ್ಕೂಲಿನ ಟೀಚರಿಂದ ಹಿಡಿದು ಎಪಿ ಟೀಚರ್ ತನಕ ಒಂದೇ ತಂಡ ಮಾಡಿ, ಯಾವ ಕ್ಲಾಸಿನಲ್ಲಿ ಏನು ಕಲಿತಿರಬೇಕು ಅಂತ ಒಟ್ಟಿಗೆ ಕೂತು ಕಟ್ಟಿದರು. ವರ್ಷಗಟ್ಟಲೆ ನಡೆಸಿದರು. ಕಿರಾಬೊ ಜಾಕ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಎಪಿ ಬರೆಯುವವರು ಹೆಚ್ಚಾದರು, ಕಾಲೇಜು ಸೇರಲು ಬರೆಯುವ ಪರೀಕ್ಷೆಗಳಾದ ಎಸ್‌ಎಟಿಯಲ್ಲಿ 1100ಕ್ಕಿಂತ ಮೇಲೆ, ಇಲ್ಲವೇ ಎಸಿಟಿಯಲ್ಲಿ 24ಕ್ಕಿಂತ ಮೇಲೆ ಬಂದವರು ಸುಮಾರು 30% ಹೆಚ್ಚಾದರು, ಕಾಲೇಜು ಸೇರಿದವರು ಸುಮಾರು 8% ಹೆಚ್ಚಾದರು. ಆ ಮಕ್ಕಳಿಗೆ ಇಂಟರೆಸ್ಟ್ ಇತ್ತು, ಅಲ್ವಾ?

ಕಮ್ಯುನಿಟಿ ಕಾಲೇಜಿನಲ್ಲಿ ಕ್ಲಾಸ್ ತಗೊಳ್ಳಲಿ, ಹೈಸ್ಕೂಲ್ ಮಕ್ಕಳಿಗೆ ಬಿಟ್ಟಿಯಾಗೇ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಒಳ್ಳೆಯ ದಾರಿ, ಕಾರು ಇರುವವರಿಗೆ.

ಇಡೀ ದೇಶದ ಚಿತ್ರವೂ ನಮ್ಮ ಶಾಲೆಯದಕ್ಕಿಂತ ಬಹಳ ಬೇರೆ ಇಲ್ಲ. ಕೇಂದ್ರ ಶಿಕ್ಷಣ ಇಲಾಖೆಯ 2020-21ರ ಲೆಕ್ಕದಲ್ಲಿ, ಕಪ್ಪು ಮತ್ತು ಲ್ಯಾಟಿನೋ ಮಕ್ಕಳು ಜಾಸ್ತಿ ಇರುವ ಹೈಸ್ಕೂಲುಗಳಲ್ಲಿ ಕ್ಯಾಲ್ಕುಲಸ್ ಇದ್ದದ್ದು ಸುಮಾರು 35%ರಲ್ಲಿ. ಅವರು ಕಡಿಮೆ ಇರುವ ಕಡೆ 54%ರಲ್ಲಿ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಸ್ಕೂಲ್ ಬೋರ್ಡ್ ಮೀಟಿಂಗಿನಲ್ಲಿ ಮಾತಾಡೋದು ಹೇಗೆ ಅಂತ ನಿಮಗೆ ಗೊತ್ತು. ನಿಮ್ಮ ಜಿಲ್ಲೆಯಲ್ಲಿ ಒಂದು ಆನರ್ಸ್ ಕ್ಲಾಸ್ ತೆಗೆಯುತ್ತಾರೆ ಅಂತ ಸುದ್ದಿ ಬಂದರೆ ಸಾಕು, ರಾತ್ರಿ ಹತ್ತರ ಒಳಗೆ ವಾಟ್ಸಾಪಿನಲ್ಲಿ ಮುನ್ನೂರು ಸಂದೇಶ, ಮರುವಾರ ಬೋರ್ಡ್ ರೂಮಿನಲ್ಲಿ ನಿಲ್ಲಲು ಜಾಗ ಇಲ್ಲ. ಅದು ಕೆಲಸ ಮಾಡುತ್ತದೆ, ನಾನು ನೋಡಿದ್ದೇನೆ. ನಮ್ಮ ಬೋರ್ಡ್ ಮೀಟಿಂಗಿನ ಸಾರ್ವಜನಿಕರ ಮಾತಿನ ಹೊತ್ತಿನಲ್ಲಿ ಎಷ್ಟೋ ಸಲ ಮೈಕು ಸುಮ್ನೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ನಮ್ಮ ಅಪ್ಪ-ಅಮ್ಮಂದಿರು ಶೆಡ್ಡಿನಲ್ಲಿರುತ್ತಾರೆ. ಇನ್ನೊಂದು ವಿಷಯ: ಮೌಂಟನ್ ಹೌಸ್, ಟ್ರೇಸಿ, ಮ್ಯಾಂಟೀಕಾದಲ್ಲಿ ಮನೆ ಮಾಡಿರುವ ಕನ್ನಡದವರು ಈಗ ಕಡಿಮೆ ಇಲ್ಲ. ನಾವು ಈ ಕಣಿವೆಯವರು. ರಾತ್ರಿ ಮಲಗುವುದು ಇಲ್ಲಿ.

ನನ್ನ ಮಾತನ್ನೂ ಒಂದು ಹೇಳಿಬಿಡುತ್ತೇನೆ. ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದವಳು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಎರಡನೇ ಪಿಯುಸಿಯಲ್ಲಿ ಲೆಕ್ಕದ ಲೆಕ್ಚರರ್ ವರ್ಗವಾಗಿ ಹೋದರು, ಅರ್ಧ ವರ್ಷ ಆ ಜಾಗ ಖಾಲಿ. ಸೈನ್ಸ್ ತಗೊಂಡಿದ್ದವರು ನಾವು ಒಂಬತ್ತು ಜನ. ಪಕ್ಕದ ಊರಿನ ಕಾಲೇಜಿನ ಮೇಷ್ಟ್ರೊಬ್ಬರು ಭಾನುವಾರ ಸ್ಕೂಟರಿನಲ್ಲಿ ಬಂದು ಇಂಟಿಗ್ರೇಷನ್ ಹೇಳಿಕೊಟ್ಟರು. ಒಂದು ಲೋಟ ಕಾಫಿ ಬಿಟ್ಟು ಏನೂ ಮುಟ್ಟಲಿಲ್ಲ. ಅವರಿಲ್ಲದಿದ್ದರೆ ನಾನಿವತ್ತು ಇಲ್ಲಿರುತ್ತಿರಲಿಲ್ಲ. ಆದರೆ ಒಂಬತ್ತು ಜನರಲ್ಲಿ ನಾಲ್ವರ ಮನೆ ದೂರ, ಭಾನುವಾರ ಬಸ್ಸಿರಲಿಲ್ಲ. ಆ ನಾಲ್ವರ ಬಗ್ಗೆ ನಾನು ಆಗ ಯೋಚನೆ ಮಾಡಿರಲಿಲ್ಲ. ಏಳು ಗಂಟೆಯ ಕ್ಲಾಸಿಗೆ ಬಾರದ ಐದು ಮಕ್ಕಳನ್ನು ನೋಡಿದ ಮೇಲೆ ಮಾಡುತ್ತಿದ್ದೇನೆ.

ಈಗ ಕೆಲಸದ ಮಾತು. ಕ್ಯಾಲಿಫೋರ್ನಿಯಾದ ಪ್ರತಿ ಶಾಲಾ ಜಿಲ್ಲೆಯೂ ಜುಲೈ 1ರ ಒಳಗೆ ತನ್ನ ಎಲ್‌ಸಿಎಪಿ, ಅಂದರೆ ದುಡ್ಡನ್ನು ಯಾವ ಮಕ್ಕಳಿಗೆ ಹೇಗೆ ಬಳಸುತ್ತೇವೆ ಅನ್ನುವ ಯೋಜನೆ, ಬೋರ್ಡಿನಲ್ಲಿ ಒಪ್ಪಿಸಿಕೊಳ್ಳಬೇಕು. ಅದಕ್ಕೆ ಮುಂಚೆ ಸಾರ್ವಜನಿಕರ ಮಾತು ಕೇಳಲೇಬೇಕು. ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಫಾಸ್ಟರ್ ಕೇರ್ ಅಂದರೆ ಸರ್ಕಾರದ ಪಾಲನೆಯಲ್ಲಿರುವ ಮಕ್ಕಳು ಇರುವ ಜಿಲ್ಲೆಗೆ 2013ರಿಂದ ರಾಜ್ಯ ತಲೆಗಿಷ್ಟು ಅಂತ ಹೆಚ್ಚಿನ ಹಣ ಕೊಡುತ್ತಿದೆ. ಅದು ವರ್ಷವರ್ಷವೂ ಬರುವ ಹಣ. ನಿಮ್ಮ ಜಿಲ್ಲೆಯ ಮೀಟಿಂಗಿಗೆ ಹೋಗಿ, ನಿಮ್ಮ ಮಗುವಿನ ಶಾಲೆಯನ್ನು ಬಿಟ್ಟು ಊರಿನ ಇನ್ನೊಂದು ತುದಿಯ ಶಾಲೆಯ ಹೆಸರು ಹೇಳಿ ಒಂದೇ ಪ್ರಶ್ನೆ ಕೇಳಿ: ಹನ್ನೆರಡೇ ಮಕ್ಕಳಿದ್ದರೂ ಕ್ಯಾಲ್ಕುಲಸ್, ಫಿಸಿಕ್ಸ್ ಕ್ಲಾಸ್ ನಡೆಸೋಕೆ ಈ ಹಣದಲ್ಲಿ ಎಷ್ಟು ಇಟ್ಟಿದ್ದೀರಿ? ಪ್ರಶ್ನೆಗೆ ಉತ್ತರ ಬರಬೇಕಾದರೆ ಯಾರೋ ಒಬ್ಬರು ಆಫೀಸಿನಲ್ಲಿ ಕೂತು ಲೆಕ್ಕ ತೆಗೆಯಬೇಕಾಗುತ್ತದೆ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಎರಡನೆಯದು ರಾಜ್ಯದ ಬಜೆಟ್. ಗವರ್ನರ್ ಮೇ ಮಧ್ಯದಲ್ಲಿ ತಿದ್ದಿದ ಬಜೆಟ್ ತರುತ್ತಾರೆ, ಜೂನ್ 15ರ ಒಳಗೆ ಅದು ಪಾಸಾಗಬೇಕು. ನಿಮ್ಮ ಅಸೆಂಬ್ಲಿ ಸದಸ್ಯರಿಗೆ, ಸೆನೆಟರಿಗೆ ನಾಲ್ಕು ಸಾಲು ಬರೆಯಿರಿ. ಎಪಿಗೆ ದುಡ್ಡು ಕೊಡಿ ಅಂತಷ್ಟೇ ಬರೆದರೆ ಇನ್ನೊಂದು ಫೀಸಿನ ಗ್ರ್ಯಾಂಟ್ ಬರುತ್ತದೆ. ಬಡ ಶಾಲೆಗಳಲ್ಲಿ ಚಿಕ್ಕ ಕ್ಲಾಸಿನ ಟೀಚರ್ ಸಂಬಳಕ್ಕೆ, ಆರನೇ ಕ್ಲಾಸಿನಿಂದ ಮೇಲಿನ ಲೆಕ್ಕದ ಪಾಠಕ್ಕೆ, ಕನಿಷ್ಠ ಆರು ವರ್ಷ ನಿಲ್ಲುವ ಹಣ ಬೇಕು ಅಂತ ಬಿಡಿಸಿ ಬರೆಯಿರಿ.

ಕನ್ನಡ ಕೂಟದಿಂದ ಒಂದು ಹತ್ತು ಕ್ಯಾಲ್ಕುಲೇಟರ್ ಕೊಡಿಸುತ್ತೇವೆ ಅಂತ ಈಗಾಗಲೇ ಇಬ್ಬರು ಹೇಳಿದ್ದೀರಿ. ಬೇಡ ಅನ್ನಲ್ಲ, ಖಂಡಿತ ಕೊಡಿ. ಆ 14ನೇ ನಂಬರನ್ನು ಬದಲಾಯಿಸುತ್ತೇನೆ. ಶನಿವಾರ ಬಂದು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇವೆ ಅಂದವರಿಗೂ ನಮಸ್ಕಾರ. ಆದರೆ ಅದನ್ನು ಮಾಡಿ ಮೀಟಿಂಗಿಗೆ ಬರುವುದನ್ನು ತಪ್ಪಿಸಿಕೊಳ್ಳಬೇಡಿ.

2 ಬಂದ ಆ ಹುಡುಗಿ ಈಗ ಸ್ಟೇಟ್ ಕಾಲೇಜಿನಲ್ಲಿದ್ದಾಳೆ, ಕ್ಯಾಲ್ಕುಲಸನ್ನು ಮೊದಲಿಂದ ಓದುತ್ತಿದ್ದಾಳೆ. ಪರವಾಗಿಲ್ಲ ಮಿಸ್, ಅರ್ಧ ಗೊತ್ತಿರೋದೇ ಅಂತ ಮೆಸೇಜ್ ಕಳಿಸಿದ್ದಳು. ಮುಂದಿನ ವರ್ಷಕ್ಕೆ ಹೆಸರು ಬರೆಸುವ ಪಟ್ಟಿ ನನ್ನ ಮೇಜಿನ ಮೇಲಿದೆ. ನಿನ್ನೆ ಮಧ್ಯಾಹ್ನದವರೆಗೆ ಹದಿಮೂರು ಹೆಸರು. ನಮ್ಮ ಜಿಲ್ಲೆಯ ಮೀಟಿಂಗ್ ಜೂನ್ ಎರಡನೇ ವಾರ, ಸಂಜೆ ಆರು ಗಂಟೆಗೆ. ಮೌಂಟನ್ ಹೌಸಿನಿಂದ ಬರುವವರಿದ್ದರೆ ನನ್ನ ಕಾರಿನಲ್ಲಿ ನಾಲ್ಕು ಜನಕ್ಕೆ ಜಾಗ ಇದೆ. ಟ್ರಾಫಿಕ್ ಇರಲ್ಲ.

ಇಂತಿ ನಿಮ್ಮ,
ಪೂರ್ವಕ್ಕೆ ಹೋಗುವ ಲೆಕ್ಕದ ಟೀಚರ್